ಲೈಫ್ ಕೋಚ್ ಬಳಿಗೋ, ಆಪ್ತಸಮಾಲೋಚಕರ ಬಳಿಗೋ?



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳೆಂದರೆ ಡಯಾಲಿಸಿಸ್, ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರಿನ ಕೀಮೋ, ಅಪಘಾತದ ಖರ್ಚು ಇಂಥವೇ ಹೆಚ್ಚು. ಮನಸ್ಸಿನ ಕಾಯಿಲೆಗೆಂದು ನೆರವು ಕೇಳುವವರು ಮೊದಲು ಇರಲೇ ಇಲ್ಲ ಎನ್ನಬೇಕು. ಈಗ ಒಂದೊಂದಾಗಿ ಬರುತ್ತಿವೆ, ಅದು ಒಳ್ಳೆಯ ಲಕ್ಷಣ. ಆದರೆ ಅವುಗಳ ಜೊತೆಗೇ ಇನ್ನೊಂದು ಬಗೆಯ ಕೋರಿಕೆಯೂ ಬರತೊಡಗಿದೆ. ಮಗನಿಗೋ ಮಗಳಿಗೋ ಲೈಫ್ ಕೋಚ್ ಒಬ್ಬರ ಬಳಿ ಹೆಸರು ಹಚ್ಚಿದ್ದೇವೆ, ಉಳಿದ ಕಂತು ಕಟ್ಟಲು ನಿಧಿಯಿಂದ ಸಹಾಯವಾಗಬೇಕು ಎಂದು. ಸಮಿತಿ ಇಂಥ ಅರ್ಜಿಯನ್ನು ಒಪ್ಪುವುದಿಲ್ಲ. ಆಗ ಅರ್ಜಿದಾರರು ಕೇಳುವ ಪ್ರಶ್ನೆ ನ್ಯಾಯವಾದದ್ದೇ. “ಅಕ್ಕಾ, ಕೌನ್ಸೆಲಿಂಗಿಗೆ ಕೊಡ್ತೀರಿ, ಕೋಚಿಂಗಿಗೆ ಯಾಕೆ ಇಲ್ಲ? ಎರಡರಲ್ಲೂ ಕೂತು ಮಾತಾಡುವುದೇ ಅಲ್ಲವಾ?”

ಈ ಪ್ರಶ್ನೆಗೆ ಸಮಿತಿಯ ಪರವಾಗಿ ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಮುಂಬಯಿ ಮಹಾನಗರಪಾಲಿಕೆಯ ಆಸ್ಪತ್ರೆಯೊಂದರ ಮನೋರೋಗ ವಿಭಾಗದಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ದುಡಿದು ನಿವೃತ್ತಳಾದವಳು ನಾನು. ವೈದ್ಯೆಯಲ್ಲ, ಔಷಧಿ ಬರೆದುಕೊಡುವ ಅಧಿಕಾರ ನನಗಿಲ್ಲ. ಆದರೆ ಯಾರು ಎಷ್ಟು ತಡವಾಗಿ, ಎಲ್ಲೆಲ್ಲಿ ಸುತ್ತಾಡಿ ಆ ಓಪಿಡಿಯ ಬೆಂಚಿಗೆ ಬಂದು ಕೂರುತ್ತಾರೆ ಎಂಬುದನ್ನು ವರ್ಷಗಟ್ಟಲೆ ನೋಡಿದ್ದೇನೆ.

ಮೊದಲು ಲೈಫ್ ಕೋಚ್ ಎಂದರೇನು ನೋಡೋಣ. ಆಟದ ಮೈದಾನದ ಕೋಚ್ ಇದ್ದಹಾಗೆ ಬದುಕಿನ ಗುರಿ ಮುಟ್ಟಿಸಲು ಜೊತೆಗೆ ನಿಲ್ಲುವವರು ಎಂಬುದು ಕಲ್ಪನೆ. ಇದು ವೃತ್ತಿಯಾಗಿ ಬೆಳೆದದ್ದು ಅಮೆರಿಕದಲ್ಲಿ, ಮುಖ್ಯವಾಗಿ 1980 ಮತ್ತು 90ರ ದಶಕಗಳಲ್ಲಿ. ಅದಕ್ಕೆ ರೂಪ ಕೊಟ್ಟವರಲ್ಲಿ ಪ್ರಮುಖರಾದ ಥಾಮಸ್ ಲಿಯೊನಾರ್ಡ್ ವೃತ್ತಿಯಿಂದ ಹಣಕಾಸು ಸಲಹೆಗಾರರು. ತಮ್ಮ ಬಳಿ ಬರುವವರು ದುಡ್ಡಿನ ಲೆಕ್ಕಕ್ಕಿಂತ ಹೆಚ್ಚಿನದನ್ನು, ಮುಂದೆ ಬದುಕನ್ನು ಹೇಗೆ ನಡೆಸಬೇಕೆಂಬುದನ್ನು ಕೇಳುತ್ತಾರೆಂದು ಕಂಡು ಅವರು ಈ ದಾರಿಗೆ ಬಂದರು. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಎಂಬ ಸಂಸ್ಥೆ 1995ರಲ್ಲಿ ಹುಟ್ಟಿತು. ಕೋಚ್‌ಗಳಿಗೆ ಅದು ಮೂರು ಹಂತದ ಪ್ರಮಾಣಪತ್ರ ಕೊಡುತ್ತದೆ. ಮೊದಲ ಹಂತಕ್ಕೆ ಬೇಕಾದದ್ದು 60 ಗಂಟೆಗಳ ತರಬೇತಿ ಮತ್ತು 100 ಗಂಟೆ ಕೋಚಿಂಗ್ ಮಾಡಿದ ಅನುಭವ. ಆದರೆ ಈ ಪ್ರಮಾಣಪತ್ರವೂ ಕಡ್ಡಾಯವಲ್ಲ. ನಮ್ಮ ದೇಶದಲ್ಲಿ ಲೈಫ್ ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ಯಾವ ಪರೀಕ್ಷೆಯೂ ಇಲ್ಲ, ಲೈಸೆನ್ಸೂ ಇಲ್ಲ. ನಾಳೆ ಬೆಳಗ್ಗೆ ನಾನೂ ಹಾಕಿಕೊಳ್ಳಬಹುದು, ನೀವೂ ಹಾಕಿಕೊಳ್ಳಬಹುದು.

ಇದನ್ನು ಬರೆದದ್ದು ಕೋಚ್‌ಗಳನ್ನು ಹೀಗಳೆಯಲು ಅಲ್ಲ. ನಮ್ಮ ಸದಸ್ಯರೊಬ್ಬರು ಹೋಟೆಲಿನ ಗಲ್ಲಾದಲ್ಲಿ ಕೂತೇ ಮುಪ್ಪಾಗುವವರೆಗೆ ಬಂದಿದ್ದರು. ವ್ಯಾಪಾರವನ್ನು ಮಗನ ಕೈಗೆ ಒಪ್ಪಿಸುವುದು ಹೇಗೆ, ಒಪ್ಪಿಸಿದ ಮೇಲೆ ತಾನೇನು ಮಾಡುವುದು ಎಂದು ತಿಳಿಯದೆ ಅಪ್ಪ ಮಗ ದಿನಾ ಜಗಳ. ಕೋಚ್ ಒಬ್ಬರು ಇಬ್ಬರನ್ನೂ ಕೂರಿಸಿ, ಕೆಲಸ ಹಂಚಿ, ತಾರೀಕು ಹಾಕಿಸಿ, ಆರು ತಿಂಗಳಲ್ಲಿ ಆ ಕೆಲಸ ಮುಗಿಸಿಕೊಟ್ಟರು. ವಿ.ಆರ್.ಎಸ್. ತೆಗೆದುಕೊಂಡವರು, ಮಕ್ಕಳು ಶಾಲೆ ಸೇರಿದ ಮೇಲೆ ಮತ್ತೆ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳು, ಬಡ್ತಿ ಸಿಕ್ಕಿ ಹತ್ತು ಜನರನ್ನು ನಡೆಸಬೇಕಾಗಿ ಬಂದವರು, ಇಂಥವರಿಗೆ ಒಳ್ಳೆಯ ಕೋಚ್ ನಿಜಕ್ಕೂ ಉಪಯೋಗ. ಇವರೆಲ್ಲರಲ್ಲಿ ಸಮಾನವಾದ ಒಂದು ಸಂಗತಿ ಇದೆ. ಇವರು ರಾತ್ರಿ ನಿದ್ದೆ ಮಾಡುತ್ತಾರೆ, ಊಟ ಮಾಡುತ್ತಾರೆ, ಹೇಳಿದ ಕೆಲಸವನ್ನು ಮಾಡುವ ಚೈತನ್ಯ ಅವರಲ್ಲಿ ಇದೆ. ಯಾವ ದಿಕ್ಕಿಗೆ ಹೋಗಬೇಕೆಂಬುದಷ್ಟೇ ಗೊತ್ತಿಲ್ಲ.

ಚೈತನ್ಯವೇ ಬತ್ತಿದವರ ಕತೆ ಬೇರೆ. ಒಂದು ಅರ್ಜಿಯ ವಿಷಯ ಹೇಳುತ್ತೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಓದು ಮುಗಿಸಿ ಒಳ್ಳೆಯ ಕೆಲಸದಲ್ಲಿದ್ದ ಹುಡುಗ. ಕಂಪನಿ ಜನರನ್ನು ತೆಗೆದಾಗ ಇವನ ಕೆಲಸವೂ ಹೋಯಿತು. ಮೊದಲು ಎಲ್ಲ ಕಡೆ ಅರ್ಜಿ ಹಾಕಿದ, ಆಮೇಲೆ ಹಾಕುವುದನ್ನು ಬಿಟ್ಟ, ಆಮೇಲೆ ಖೋಲಿಯಿಂದ ಹೊರಗೆ ಬರುವುದನ್ನೂ ಬಿಟ್ಟ. ಅರ್ಜಿಯಲ್ಲಿ ‘ಕಾಯಿಲೆಯ ವಿವರ’ ಎಂಬ ಕಾಲಮಿನಲ್ಲಿ ತಂದೆ ಬರೆದದ್ದು “ಮಗನಿಗೆ ಉತ್ಸಾಹ ಇಲ್ಲ” ಎಂದು. ಯಾರೋ ಹೇಳಿದರೆಂದು ಹನ್ನೆರಡು ವಾರದ ಕೋಚಿಂಗಿಗೆ ಸೇರಿಸಿದ್ದರು. ಅರ್ಧ ಹಣ ಮುಂಗಡ.

ಕೋಚ್ ಕೊಟ್ಟ ದಿನಚರಿ ಹೀಗಿತ್ತು. ಐದು ಗಂಟೆಗೆ ಏಳಬೇಕು, ತಣ್ಣೀರು ಸ್ನಾನ ಮಾಡಬೇಕು, ಕೃತಜ್ಞತೆ ಅನ್ನಿಸುವ ಹತ್ತು ಸಂಗತಿಗಳನ್ನು ಡೈರಿಯಲ್ಲಿ ಬರೆಯಬೇಕು, ದಿನಕ್ಕೆ ಐದು ಕಂಪನಿಗೆ ಅರ್ಜಿ ಕಳಿಸಬೇಕು. ಆರೋಗ್ಯವಂತನಿಗೆ ಇದು ತಪ್ಪೇನಲ್ಲ. ಆದರೆ ಬೆಳಗಿನ ಜಾವ ನಾಲ್ಕರವರೆಗೆ ಕಣ್ಣು ಮುಚ್ಚದವನು ಐದಕ್ಕೆ ಏಳುವುದು ಹೇಗೆ? ಒಂದು ದಿನವೂ ಆಗಲಿಲ್ಲ. ವಾರದ ಕೊನೆಗೆ ಲೆಕ್ಕ ಒಪ್ಪಿಸುವಾಗ ಸೊನ್ನೆ. ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಒಂದು ತನ್ನನ್ನು ತಾನೇ ಹಳಿದುಕೊಳ್ಳುವುದು. ಮಾಡಲಾಗದ ಪಟ್ಟಿಯೊಂದು ಕೈಗೆ ಬಂದರೆ ಆ ಹಳಿಯುವಿಕೆಗೆ ದಿನಾ ಹೊಸ ಸಾಕ್ಷಿ ಸಿಕ್ಕಂತೆ. “ಇಷ್ಟೂ ಆಗದವನು ನಾನು” ಎಂದು ಅವನು ಇನ್ನಷ್ಟು ಒಳಗೆ ಹೋದ. ಕೋಚ್ ಕೆಟ್ಟವರಲ್ಲ, ಮೋಸಗಾರರೂ ಅಲ್ಲ. ಎದುರಿಗೆ ಕೂತಿರುವುದು ಸೋಮಾರಿತನವೋ ಕಾಯಿಲೆಯೋ ಎಂದು ಬೇರೆ ಮಾಡಿ ನೋಡುವ ತರಬೇತಿ ಅವರಿಗೆ ಇರಲಿಲ್ಲ, ಅಷ್ಟೇ.

ತರಬೇತಾದವರೂ ಕೆಲಸ ಕೊಡುತ್ತಾರೆ. ಆದರೆ ಅದನ್ನು ಕೊಡುವ ರೀತಿಯೇ ಬೇರೆ. ಇದೇ ಹುಡುಗನಿಗೆ ಆಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಕೊಟ್ಟ ಮೊದಲ ವಾರದ ಕೆಲಸ, ಹಲ್ಲುಜ್ಜಿ ಬಂದು ಬಾಲ್ಕನಿಯಲ್ಲಿ ಹತ್ತು ನಿಮಿಷ ಕೂರುವುದು. ಬೇರೇನೂ ಬೇಡ. ಅದಾದರೆ ಮುಂದಿನ ವಾರ ಕೆಳಗೆ ಹೋಗಿ ಹಾಲಿನ ಪಾಕೀಟು ತರುವುದು. ಖಿನ್ನತೆಯಲ್ಲಿ ಉತ್ಸಾಹ ಬಂದ ಮೇಲೆ ಕೆಲಸ ಮಾಡುತ್ತೇನೆಂದು ಕಾದರೆ ಉತ್ಸಾಹ ಬರುವುದೇ ಇಲ್ಲ. ಸಣ್ಣ ಕೆಲಸ ಮೊದಲು, ಅದರ ಹಿಂದೆ ಉತ್ಸಾಹ. ಎಷ್ಟು ಸಣ್ಣದು ಎಂದು ಅಳೆಯುವುದರಲ್ಲೇ ವಿದ್ಯೆ ಇರುವುದು.

ಇನ್ನೊಂದು ವ್ಯತ್ಯಾಸ. ಏಳೆಂಟು ವಾರ ಕೋಚ್ ಜೊತೆ ಮಾತಾಡಿದರೂ ಆ ಹುಡುಗನನ್ನು ಯಾರೂ ಕೇಳದ ಒಂದು ಪ್ರಶ್ನೆಯನ್ನು ಓಪಿಡಿಯಲ್ಲಿ ಮೊದಲ ದಿನವೇ ಕೇಳಿದರು. “ಬದುಕುವುದೇ ಬೇಡ ಅನ್ನಿಸಿದ್ದುಂಟಾ?” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು “ಎರಡು ಸಲ” ಎಂದ. ಪಕ್ಕದಲ್ಲಿ ಕೂತಿದ್ದ ತಂದೆಗೆ ಅದು ಗೊತ್ತಿರಲಿಲ್ಲ. ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ನಮ್ಮಲ್ಲಿ ಅನೇಕರು ಹೆದರುತ್ತಾರೆ. ಹಾಗೇನೂ ಇಲ್ಲ. ಕೇಳಿದ್ದಕ್ಕೆ ಸಮಾಧಾನಪಟ್ಟು ಅತ್ತವರನ್ನು ನಾನು ತುಂಬಾ ಕಂಡಿದ್ದೇನೆ.

ಅವನಿಗೆ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿದರು. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆ ಇದ್ದರೂ ಮನುಷ್ಯ ಹೀಗೇ ಮಂಕಾಗಬಹುದು. ಈ ಸಾಧ್ಯತೆಯನ್ನು ನೆನೆಯುವವರು ವೈದ್ಯಕೀಯದ ನೆರಳಿನಲ್ಲಿ ಕಲಿತವರು ಮಾತ್ರ. ಅವನಿಗೆ ರಕ್ತ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ಖಿನ್ನತೆ ಎಂದು ನಿರ್ಣಯವಾಗಿ ಮಾತ್ರೆಯೂ ಸಮಾಲೋಚನೆಯೂ ಒಟ್ಟಿಗೆ ಆರಂಭವಾದವು. ಈಗ ಅವನು ಕೆಲಸ ಹುಡುಕುತ್ತಿದ್ದಾನೆ. ಪೂರ್ತಿ ಗುಣವಾಯಿತು ಎಂದು ಬರೆಯಲಾರೆ, ಆದರೆ ರಾತ್ರಿ ನಿದ್ದೆ ಬರುತ್ತದೆ, ಮನೆಯವರ ಜೊತೆ ಕೂತು ಉಣ್ಣುತ್ತಾನೆ.

ಹಾಗಾದರೆ ನಿಮ್ಮ ಮನೆಯಲ್ಲಿ ಪ್ರಶ್ನೆ ಎದ್ದಾಗ ಹೇಗೆ ತೀರ್ಮಾನಿಸುವುದು? ನನ್ನ ಗುರಿ ಏನು, ಸಮಸ್ಯೆ ಏನು ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಕಾಯಿಲೆಯಲ್ಲಿರುವವರೂ ‘ನನಗೆ ಆತ್ಮವಿಶ್ವಾಸ ಬೇಕು’ ಎಂದೇ ಹೇಳುತ್ತಾರೆ. ಬದಲಿಗೆ ದಿನನಿತ್ಯದ ವ್ಯವಹಾರ ನೋಡಿ. ಎರಡು ವಾರ ಅಥವಾ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಕುಗ್ಗಿದೆಯೇ, ಮೊದಲು ಇಷ್ಟವಾಗಿದ್ದ ಯಾವುದರಲ್ಲೂ ರುಚಿ ಇಲ್ಲವೇ? ನಿದ್ದೆ, ಹಸಿವು ಕೆಟ್ಟಿದೆಯೇ? ಪೇಪರಿನ ಒಂದು ಪ್ಯಾರಾ ಓದಲೂ ಆಗುವುದಿಲ್ಲವೇ? ಇದ್ದಕ್ಕಿದ್ದಂತೆ ಎದೆ ಡವಗುಟ್ಟಿ, ಬೆವತು, ಸತ್ತೇಹೋಗುತ್ತೇನೆ ಅನ್ನಿಸುವ ಗಾಬರಿ ಮತ್ತೆ ಮತ್ತೆ ಬರುತ್ತಿದೆಯೇ? (ಮೊದಲ ಸಲ ಹೀಗಾದಾಗ ಇಸಿಜಿ ತೆಗೆಸಿ, ಗಾಬರಿಯೇ ಎಂದು ನೀವೇ ತೀರ್ಮಾನಿಸಬೇಡಿ.) ತೊಳೆದ ಕೈಯನ್ನೇ ಗಂಟೆಗಟ್ಟಲೆ ತೊಳೆಯುವುದು, ಇಲ್ಲದ ದನಿ ಕೇಳುವುದು, ಕುಡಿತ ಕೈಮೀರುವುದು, ಹೆರಿಗೆಯಾದ ಹೆಂಗಸು ಮಗುವಿನ ಕಡೆ ನೋಡದೆ ಅಳುತ್ತಲೇ ಇರುವುದು, ಸಾಯುವ ಮಾತು ಬರುವುದು, ಇವುಗಳಲ್ಲಿ ಒಂದಿದ್ದರೂ ಕೋಚಿಂಗಿನ ವಿಚಾರವನ್ನು ಪಕ್ಕಕ್ಕಿಡಿ. ನಮ್ಮ ಹಿರಿಯರಲ್ಲಿ, ಅದರಲ್ಲೂ ಗಂಡಸರಲ್ಲಿ, ಇದು ದುಃಖದ ರೂಪದಲ್ಲಿ ಬರುವುದೇ ಕಡಿಮೆ. ಗ್ಯಾಸು, ಮೈ ಉರಿ, ತಲೆ ಭಾರ, ಸಣ್ಣದಕ್ಕೂ ಸಿಟ್ಟು ಎಂದು ಬರುತ್ತದೆ. ಊರಿನ ಭಾಷೆಯಲ್ಲಿ ಎಲ್ಲಕ್ಕೂ ಒಂದೇ ಹೆಸರು, ಮಂಡೆಬಿಸಿ.

ಇವು ಯಾವುವೂ ಇಲ್ಲ, ದಿಕ್ಕು ಮಾತ್ರ ಬೇಕು ಎಂದಾದರೆ ಕೋಚ್ ಬಳಿ ಹೋಗಿ, ಅಡ್ಡಿಯಿಲ್ಲ. ಅನುಮಾನ ಇದ್ದರೆ ಮೊದಲು ಕಾಯಿಲೆ ಗುರುತಿಸಬಲ್ಲವರ ಬಳಿ ಹೋಗಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಯಿಲೆಯಿಲ್ಲ ಎಂದು ಅವರು ಹೇಳಿದರೆ ನಿಮಗೆ ನಷ್ಟವಾಗುವುದು ಒಂದು ಬೆಳಗಿನ ಸಮಯ. ತಿರುವು ಮುರುವಾದರೆ ತಿಂಗಳುಗಳು ಹೋಗುತ್ತವೆ. ತಮ್ಮ ವ್ಯಾಪ್ತಿಗೆ ಮೀರಿದ್ದು ಕಂಡಾಗ ಸೂಕ್ತ ವೃತ್ತಿಪರರ ಬಳಿಗೆ ಕಳಿಸಬೇಕೆಂದು ಮೇಲೆ ಹೇಳಿದ ಕೋಚ್‌ಗಳ ಸಂಸ್ಥೆಯೇ ತನ್ನ ಸದಸ್ಯರಿಗೆ ತಿಳಿಸುತ್ತದೆ. ಒಳ್ಳೆಯ ಕೋಚ್‌ಗಳು ಹಾಗೇ ಮಾಡುತ್ತಾರೆ ಕೂಡ.

ಕಾಯಿಲೆ ಗುರುತಿಸಬಲ್ಲವರು ಯಾರು? ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಮುಂದಿನ ಓದು ಮಾಡಿದವರು, ಔಷಧಿ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧಿ ಬರೆಯುವುದಿಲ್ಲ, ಪರೀಕ್ಷೆಗಳನ್ನು ನಡೆಸಿ ಮಾತಿನ ಚಿಕಿತ್ಸೆ ಕೊಡುತ್ತಾರೆ. ಎರಡು ವರ್ಷದ ಎಂ.ಫಿಲ್. ತರಬೇತಿಯಲ್ಲಿ ರೋಗಿಗಳ ನಡುವೆಯೇ ಕಲಿತು, 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು ಇವರು. ಆರ್.ಸಿ.ಐ. ನೋಂದಣಿ ಸಂಖ್ಯೆ ಕೇಳಿದರೆ ಬೇಸರಿಸದೆ ಹೇಳುತ್ತಾರೆ.

ಕೌನ್ಸೆಲರ್ ಅಥವಾ ಆಪ್ತಸಮಾಲೋಚಕರ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಮನಶ್ಶಾಸ್ತ್ರದಲ್ಲೋ ಸಮಾಜಕಾರ್ಯದಲ್ಲೋ ಎಂ.ಎ. ಮಾಡಿ, ಹಿರಿಯರ ಕೈಕೆಳಗೆ ಪಳಗಿದ ಅತ್ಯುತ್ತಮ ಕೌನ್ಸೆಲರ್‌ಗಳಿದ್ದಾರೆ. ಮೂರು ತಿಂಗಳ ಸರ್ಟಿಫಿಕೇಟ್ ಹಿಡಿದವರೂ ಅದೇ ಹೆಸರಿನಲ್ಲಿ ಕೂತಿರುತ್ತಾರೆ. 2021ರಲ್ಲಿ ಬಂದ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ಸಮಾಲೋಚಕರನ್ನೂ ನನ್ನಂಥ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಆದರೂ ಬೋರ್ಡಿನ ಮೇಲಿನ ಹೆಸರನ್ನೇ ನಂಬದೆ ಕೇಳಿ ತಿಳಿಯಬೇಕು. ಏನು ಓದಿದ್ದೀರಿ, ಎಲ್ಲಿ? ಔಷಧಿ ಬೇಕಾದೀತು ಅನ್ನಿಸಿದರೆ ಯಾವ ವೈದ್ಯರ ಬಳಿ ಕಳಿಸುತ್ತೀರಿ? ಫೀಸು ಒಂದೊಂದು ಭೇಟಿಗೋ, ಪ್ಯಾಕೇಜೋ? ಇದೇ ಪ್ರಶ್ನೆಗಳನ್ನು ಕೋಚ್‌ಗೂ ಕೇಳಿ. ಪೂರ್ತಿ ಹಣ ಮುಂಗಡ ಕೇಳುವವರು, ಮೂವತ್ತು ದಿನದಲ್ಲಿ ಬದಲಾವಣೆ ಗ್ಯಾರಂಟಿ ಎನ್ನುವವರು ಯಾವ ಹೆಸರಿನವರಾದರೂ ದೂರವಿರಿ. ವೈದ್ಯರು ಕೊಟ್ಟ ಮಾತ್ರೆಯನ್ನು ಬಿಟ್ಟುಬಿಡಿ ಎಂದು ಯಾರಾದರೂ ಹೇಳಿದರೆ ಮಾತ್ರೆಯನ್ನಲ್ಲ, ಅವರನ್ನು ಬಿಡಿ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ತೊಂದರೆ.

ನಿಜ ಹೇಳಬೇಕೆಂದರೆ ನಮ್ಮ ಜನ ಕೋಚಿಂಗನ್ನು ಆರಿಸಿಕೊಳ್ಳುವುದು ಇದನ್ನೆಲ್ಲ ತೂಗಿ ನೋಡಿಯಲ್ಲ. ‘ಮಗ ಕೋಚಿಂಗಿಗೆ ಹೋಗುತ್ತಾನೆ’ ಎಂದರೆ ಮದುವೆಯ ಮಾತುಕತೆಗೆ ಅಡ್ಡಿಯಿಲ್ಲ, ‘ಮನೋವೈದ್ಯರ ಬಳಿ ಹೋಗುತ್ತಾನೆ’ ಎಂದರೆ ಅದು ವಿರಾರಿನಿಂದ ಹೊರಟು ಉಡುಪಿಯವರೆಗೆ ಮುಟ್ಟುತ್ತದೆ ಎಂಬ ಭಯ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಸುಮಾರು ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದ್ದದ್ದು ಕಂಡುಬಂತು. ಕಾಯಿಲೆಯನ್ನು ಅನುಸರಿಸಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಹಣದ ಕೊರತೆ, ವೈದ್ಯರ ಕೊರತೆ ಎರಡೂ ಕಾರಣವೇ. ನಾಚಿಕೆ ಅವೆರಡಕ್ಕಿಂತ ಕಡಿಮೆಯ ಕಾರಣವೇನಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ವಿಷಯವನ್ನು ಗುಟ್ಟಾಗಿಡುವುದನ್ನು ಹಕ್ಕು ಎಂದೇ ಹೇಳಿದೆ. ಜೀವಕ್ಕೆ ಅಪಾಯವಿದ್ದಾಗ ಮುಂತಾದ ಕೆಲವೇ ಸಂದರ್ಭಗಳಲ್ಲಿ ವಿನಾಯಿತಿ. ಕೋಚ್‌ಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಗುಟ್ಟು ಉಳಿಯಲೆಂದು ಕೋಚ್ ಬಳಿ ಹೋಗುವವರು ಇದನ್ನು ಗಮನಿಸಬೇಕು.

ಅದೇ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮಾ ಕಂಪನಿಗಳು ವಿಮೆ ಒದಗಿಸಬೇಕು. ಆದರೆ ಸಾಮಾನ್ಯವಾಗಿ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದ ಖರ್ಚನ್ನು ಕೊಡುತ್ತವೆಯೇ ಹೊರತು ವಾರಕ್ಕೊಮ್ಮೆ ಹೋಗಿಬರುವ ಸಮಾಲೋಚನೆಯ ಫೀಸನ್ನಲ್ಲ. ನಿಮ್ಮ ಪಾಲಿಸಿಯಲ್ಲಿ ಓಪಿಡಿ ಸೌಲಭ್ಯ ಇದೆಯೇ ಎಂದು ಓದಿ ನೋಡಿ. ಈ ಕಂದಕವನ್ನು ತುಂಬಲೆಂದೇ ನಮ್ಮ ನಿಧಿ ಸಮಾಲೋಚನೆಯ ಫೀಸಿಗೆ ನೆರವು ಕೊಡಲು ತೀರ್ಮಾನಿಸಿದ್ದು. “ಮಾತಾಡುವುದಕ್ಕೂ ದುಡ್ಡೇ?” ಎಂದು ದಾನಿಗಳಲ್ಲಿ ಕೆಲವರು ಕೇಳಿದ್ದಾರೆ. ಫಿಸಿಯೋಥೆರಪಿಗೆ ಕೊಟ್ಟಾಗ ಕಾಲು ಅಲ್ಲಾಡಿಸುವುದಕ್ಕೂ ದುಡ್ಡೇ ಎಂದು ಯಾರೂ ಕೇಳಲಿಲ್ಲ. ಎರಡೂ ಗೊತ್ತಾದ ಕ್ರಮದಲ್ಲಿ, ಗೊತ್ತಾದ ಉದ್ದೇಶಕ್ಕೆ ಮಾಡುವ ಚಿಕಿತ್ಸೆ.

ಮುಂಬಯಿಯಲ್ಲಿ ಕೆ.ಇ.ಎಂ., ನಾಯರ್, ಸಾಯನ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. ಕೇಸ್ ಪೇಪರ್ ಮಾಡಿಸಲು ಬೇಕಾದದ್ದು ಅತಿ ಕಡಿಮೆ ಹಣ. ಕ್ಯೂ ಉದ್ದ, ವೈದ್ಯರಿಗೆ ಸಮಯ ಕಡಿಮೆ, ಇದನ್ನು ಮುಚ್ಚಿಡುವುದಿಲ್ಲ. ಆದರೂ ಕಾಯಿಲೆಯ ನಿರ್ಣಯಕ್ಕೆ, ಔಷಧಿಗೆ ಅಲ್ಲಿಗೇ ಹೋಗಿ ಎಂಬುದು ನನ್ನ ಸಲಹೆ. ನಿಧಾನವಾದ ಮಾತಿನ ಚಿಕಿತ್ಸೆ ಹೊರಗೆ ಬೇಕಾದರೆ ನಿಧಿ ಇದೆ. ನಿಮ್ಮ ಬಂಧುಗಳು ಪುಣೆಯಲ್ಲಿದ್ದರೆ ಯೆರವಡಾದ ಪ್ರಾದೇಶಿಕ ಮನೋರೋಗ ಆಸ್ಪತ್ರೆ, ಹೈದರಾಬಾದಿನಲ್ಲಾದರೆ ಎರ್ರಗಡ್ಡದ್ದು, ದಿಲ್ಲಿಯಲ್ಲಿ ದಿಲ್ಶಾದ್ ಗಾರ್ಡನಿನ ಇಹ್‌ಬಾಸ್, ಚೆನ್ನೈಯಲ್ಲಿ ಕಿಲ್ಪಾಕ್‌ನ ಮಾನಸಿಕ ಆರೋಗ್ಯ ಸಂಸ್ಥೆ. ಕಿಲ್ಪಾಕ್ ಆಸ್ಪತ್ರೆಯನ್ನು ಬಹುಕಾಲ ನಡೆಸಿದ, ದೇಶದ ಮೊದಲ ಮಹಿಳಾ ಮನೋವೈದ್ಯೆ ಎಂದು ಹೆಸರಾದ ಡಾ. ಶಾರದಾ ಮೆನನ್ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ ಎಂಬುದು ಎಷ್ಟು ಜನರಿಗೆ ಗೊತ್ತು?

ಪರಊರಿನ ಕನ್ನಡಿಗರಿಗೆ ಇರುವ ಇನ್ನೊಂದು ಕಷ್ಟ ಭಾಷೆಯದ್ದು. ಮಂಡಿನೋವನ್ನು ಹಿಂದಿಯಲ್ಲಿ ಹೇಳಬಹುದು, ಮರಾಠಿಯಲ್ಲಿ ಹೇಳಬಹುದು. ಆದರೆ ಮೂವತ್ತು ವರ್ಷ ಮುಂಬಯಿಯಲ್ಲಿ ಕಳೆದ ಹೆಂಗಸೂ “ಜೀವ ಹಿಂಡಿದ ಹಾಗೆ ಆಗ್ತದೆ” ಎನ್ನುವುದನ್ನು ಹಿಂದಿಯಲ್ಲಿ ಹೇಳಲು ಹೋದರೆ “ತಬಿಯತ್ ಠೀಕ್ ನಹೀಂ” ಎಂಬಲ್ಲಿಗೆ ನಿಲ್ಲುತ್ತಾಳೆ. ಕನ್ನಡ, ತುಳು, ಕೊಂಕಣಿ ಬಲ್ಲ ಸಮಾಲೋಚಕರನ್ನು ಹುಡುಕಿಕೊಡಲು ಸಂಘದ ಕಚೇರಿಯಲ್ಲಿ ಕೇಳಿ. ಅದಕ್ಕೂ ಮೊದಲು 14416ಕ್ಕೆ ಫೋನ್ ಮಾಡಬಹುದು. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತ, ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಕೋಚೋ, ಕೌನ್ಸೆಲರೋ, ವೈದ್ಯರೋ ಎಂದು ತಿಳಿಯದವರು ಅಲ್ಲಿ ಕೇಳಿದರೂ ದಾರಿ ಹೇಳುತ್ತಾರೆ. ಸಾಯುವ ಮಾತು ಬಂದಾಗಲಂತೂ ಅರ್ಜಿ, ಸಮಿತಿ ಎಂದು ಕಾಯಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ, ಒಬ್ಬರನ್ನೇ ಬಿಡಬೇಡಿ.

ನೆರವಿಗೆ ಅರ್ಜಿ ಹಾಕುವವರು ಮನೋವೈದ್ಯರ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟರ ಪತ್ರ, ಅವರ ನೋಂದಣಿ ಸಂಖ್ಯೆ, ಎಷ್ಟು ಭೇಟಿಗಳು ಬೇಕಾಗಬಹುದೆಂಬ ಅಂದಾಜು, ಆದಾಯದ ವಿವರ ಇಷ್ಟನ್ನು ಲಗತ್ತಿಸಿದರೆ ಸಾಕು. ಬೇರೆ ಅರ್ಜಿಗಳಲ್ಲಿ ಮಾಡುವಂತೆ ಇಲ್ಲೂ ಚೆಕ್ಕನ್ನು ಆಸ್ಪತ್ರೆ ಅಥವಾ ಕ್ಲಿನಿಕ್ಕಿನ ಹೆಸರಿಗೇ ಕೊಡಲಾಗುತ್ತದೆ. ಲಕೋಟೆಯ ಮೇಲೆ ‘ಗೋಪ್ಯ’ ಎಂದು ಬರೆಯಿರಿ. ಸಮಿತಿಯ ಇಬ್ಬರು ಮಾತ್ರ ಅದನ್ನು ತೆರೆಯುತ್ತೇವೆ, ವಾರ್ಷಿಕ ವರದಿಯಲ್ಲಿ ಹೆಸರು ಅಚ್ಚಾಗುವುದಿಲ್ಲ. ಈ ಬಾಬತ್ತಿಗೆಂದೇ ದೇಣಿಗೆ ಕೊಡಬಯಸುವವರು ಚೆಕ್ಕಿನ ಹಿಂದೆ ‘ಮಾನಸಿಕ ಆರೋಗ್ಯ’ ಎಂದು ಬರೆದರೆ ಅದನ್ನು ಪ್ರತ್ಯೇಕ ಲೆಕ್ಕದಲ್ಲಿ ಇಡುತ್ತೇವೆ. ಎಂದಿನಂತೆ 80ಜಿ ರಸೀದಿ ಕಚೇರಿಯಿಂದ ದೊರೆಯುತ್ತದೆ.